ಹಂದರದ ನಾಟಕವೂ ಹೊಸ ನಾಟಕವೂ

ವಿಜಯಪುರ ನಗರದಿಂದ ಅಥಣಿಯ ಹಾದಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವುದು ತೊರವಿ. ಆಮೇಲೆ ದ್ರಾಕ್ಷಿಯ ಪಡಗಳ ನಡುವೆ ತಿಕೋಟಾ. ನೈರುತ್ಯದ ಕಡೆಗೆ ತಿರುಗಿದರೆ ಬಬಲೇಶ್ವರ. ಎರಡೂ ಈಚಿನವರೆಗೆ ವಿಜಯಪುರ ತಾಲೂಕಿನ ಊರುಗಳಾಗಿದ್ದು, ಈಗ ತಾವೇ ತಾಲೂಕಿನ ಠಾಣ್ಯಗಳಾಗಿವೆ. ಈ ಸೀಮೆಯಲ್ಲಿ ಸುಗ್ಗಿ ಮುಗಿದು ಊರೂರಿನ ಜಾತ್ರೆಗಳು ಮೊದಲಾದುವೆಂದರೆ, ಗೋಡೆಗೋಡೆಯ ಮೇಲೆ ಬಣ್ಣದ ಹಸ್ತಪತ್ರಗಳು ಕಾಣಿಸಿಕೊಳ್ಳುತ್ತವೆ. ಮೇಲುಗಡೆ ಗ್ರಾಮದೇವತೆಯ ಪ್ರಸನ್ನತೆ, ಅದರ ಕೆಳಗೆ ಊರ ನಾಟ್ಯಸಂಘದ ಹೆಸರು, ಅದಕ್ಕೂ ಕೆಳಗೆ ಪಾತ್ರಧಾರಿಗಳ ಭಾವಚಿತ್ರಗಳು. ಗಂಡಸರೆಲ್ಲ ಊರಿನವರು, ಹೆಂಗಸರೆಲ್ಲ ಪರಊರಿನವರು. ಈ ಸಾಲಿನಲ್ಲಿಯೇ ಅರ್ಧ ಕಥೆ ಅಡಗಿದೆಯೆಂಬುದನ್ನು ಮುಂದೆ ನೋಡಬಹುದು.

ಜಾತ್ರೆಯ ರಾತ್ರಿ ಹತ್ತು ಗಂಟೆಗೆ ಆರಂಭವೆಂದು ಅಚ್ಚಾದ ನಾಟಕ ಹನ್ನೊಂದೂವರೆಗೆ ಆರಂಭವಾಗುತ್ತದೆ. ಅಷ್ಟರಲ್ಲಿ ತೇರಿನ ಬಯಲಿನಲ್ಲಿ ಚಾಪೆ, ಕೌದಿ, ಗೋಣಿಚೀಲಗಳು ಹಾಸಿ ಆಗಿರುತ್ತವೆ. ಹಾಲು ಕುಡಿಯುವ ಕೂಸಿನಿಂದ ಹಿಡಿದು ಕಣ್ಣು ಮಂಜಾದ ಮುದುಕಿಯವರೆಗೆ ಇಡೀ ಊರು ಅಲ್ಲಿ ಕುಳಿತಿರುತ್ತದೆ. ಬಾಡಿಗೆಗೆ ತಂದ ಸೀನರಿಯ ಹಂದರ. ಅದರಲ್ಲಿ ಒಂದು ಅರಮನೆಯ ಪರದೆ, ಒಂದು ಕಾಡಿನ ಪರದೆ, ಒಂದು ಬೀದಿಯ ಪರದೆ. ರಂಗದ ಬದಿಗೆ ಪೇಟಿ ಮಾಸ್ತರರು. ಅವರೇ ಎರಡು ತಿಂಗಳು ರಾತ್ರಿಯೆಲ್ಲ ತಾಲೀಮು ಮಾಡಿಸಿದ ಗುರುಗಳು. ಮಾತು ಮರೆತವನಿಗೆ ಪರದೆಯ ಮರೆಯಿಂದ ಮಾತು ಎತ್ತಿಕೊಡುವವರೂ ಅವರದೇ ಶಿಷ್ಯರು. ಭೀಮನು ಗದೆಯೆತ್ತಿ ಗರ್ಜಿಸುವ ಹೊತ್ತಿಗೆ ಸರಿಯಾಗಿ ಮೈಕಿನಲ್ಲಿ ಘೋಷಣೆಯಾಗುತ್ತದೆ: ಭೀಮನ ಸೋದರಮಾವನವರಿಂದ ಐದುನೂರು ರೂಪಾಯಿ ಆಯೇರಿ. ಭೀಮನು ಗದೆಯನ್ನು ಕೆಳಗಿಟ್ಟು, ಕೈಮುಗಿದು, ನೋಟನ್ನು ಪಡೆದು, ಮತ್ತೆ ಗದೆಯನ್ನೆತ್ತಿ ಗರ್ಜನೆಯನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾನೆ. ಯಾರಿಗೂ ಇದರಿಂದ ರಸಭಂಗವಾದಂತೆ ತೋರುವುದಿಲ್ಲ.

ಈ ಹಂದರಗಳಲ್ಲಿ ತಲೆಮಾರುಗಳಿಂದ ನಿಂತುಬಂದ ನಾಟಕ ‘ರಕ್ತರಾತ್ರಿ’. ಕುರುಕ್ಷೇತ್ರದ ಯುದ್ಧ ಮುಗಿದ ಮೇಲಿನ ಆ ಘೋರ ರಾತ್ರಿಯನ್ನು ಕುರಿತದ್ದು. ಅದನ್ನು ಬರೆದವರು ಅಂದಿನ ಅಖಂಡ ವಿಜಾಪುರ ಜಿಲ್ಲೆಯ ಕಂದಗಲ್ಲಿನ ಹನುಮಂತರಾಯರು. ಅಭಿಮಾನಿಗಳು ಅವರನ್ನು ಕನ್ನಡದ ಶೇಕ್ಸ್‌ಪಿಯರ್ ಎಂದು ಕರೆದರು. ಇಂಥ ಬಿರುದುಗಳನ್ನು ಅಳೆದು ನೋಡಬಾರದು. ಆದರೆ ಪದವಿಯಿಲ್ಲದ, ಪಾಠಶಾಲೆಯ ಮೆಟ್ಟಿಲನ್ನೂ ಸರಿಯಾಗಿ ಹತ್ತದ ಒಕ್ಕಲಿಗನೊಬ್ಬನು ಅಶ್ವತ್ಥಾಮನ ಪುಟಗಟ್ಟಲೆ ಮಾತನ್ನು ಉಸಿರು ಕಟ್ಟಿ ಹೇಳುವಾಗ, ಆ ಗ್ರಂಥಭಾಷೆಯ ಗತ್ತು ಅವನ ನಾಲಗೆಯ ಮೇಲೆ ಹೇಗೆ ಸಲೀಸಾಗಿ ಹರಿಯುತ್ತದೆಂಬುದನ್ನು ಕೇಳಿದವರು ಬಿರುದು ಕೊಟ್ಟವರನ್ನು ಸುಲಭವಾಗಿ ಮನ್ನಿಸಿಯಾರು. ವಿಜಯಪುರ ನಗರದ ಸರಕಾರಿ ರಂಗಮಂದಿರಕ್ಕೆ ಇಟ್ಟಿರುವುದೂ ಕಂದಗಲ್ಲ ಹನುಮಂತರಾಯರ ಹೆಸರನ್ನೇ.

ಇದೇ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಅಗರಖೇಡವೆಂಬ ಊರಿದೆ. 1904ನೆಯ ಇಸವಿ ಸೆಪ್ಟೆಂಬರ್ 26ರಂದು ಅಲ್ಲಿ ಹುಟ್ಟಿದ ಮತ್ತೊಬ್ಬ ನಾಟಕಕಾರರಿದ್ದರು: ಆದ್ಯ ರಂಗಾಚಾರ್ಯರು. ಸಾಹಿತ್ಯಪ್ರಿಯರಿಗೆ ‘ಶ್ರೀರಂಗ’ರೆಂದರೇ ಪರಿಚಯ. ಕನ್ನಡದಲ್ಲಿ ಆಧುನಿಕ ನಾಟಕವೆಂಬುದನ್ನು ಕಟ್ಟಿದವರು ಯಾರು ಯಾರೆಂದು ಕೇಳಿದರೆ ಬೆರಳು ಮಡಿಸುವಾಗ ಮೊದಲ ಎರಡು ಮೂರು ಬೆರಳುಗಳೊಳಗೆ ಅವರ ಹೆಸರು ಬಂದೇ ಬರುತ್ತದೆ. ಆದರೆ ತಿಕೋಟಾದ ಜಾತ್ರೆಯ ಬಯಲಿನಲ್ಲಿ ನಿಂತು ಶ್ರೀರಂಗರ ಒಂದು ನಾಟಕದ ಹೆಸರು ಹೇಳಿರೆಂದು ಕೇಳಿದರೆ ಕೈಯೆತ್ತುವವರು ಬಹಳ ಮಂದಿ ಇರಲಾರರು. ಒಂದೇ ಜಿಲ್ಲೆಯ ಇಬ್ಬರು ಮಕ್ಕಳು. ಒಬ್ಬರ ನಾಟಕವು ಹೊಲದ ಬದುವಿನ ಮೇಲೂ ಕೇಳಿಸುತ್ತದೆ, ಇನ್ನೊಬ್ಬರದು ಕಾಲೇಜಿನ ಪಠ್ಯದಲ್ಲಿ ಉಳಿದಿದೆ. ಹೊಸ ನಾಟಕವು ಗೆದ್ದಿತೆ, ಸೋತಿತೆ, ಎಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು ಕೇಳುವುದಕ್ಕಿಂತ ಇಲ್ಲಿ ನಿಂತು ಕೇಳುವುದು ಹೆಚ್ಚು ಉಪಯುಕ್ತ.

ಹಳೆಯದನ್ನು ತುಸು ನೆನೆಯಬೇಕು. ತಿಕೋಟಾದ ಹಾದಿಯನ್ನೇ ಮುಂದೆ ಹಿಡಿದರೆ ಅಥಣಿಯಾಚೆಗೆ ಸಾಂಗಲಿ. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಘಟ್ಟ ಹತ್ತಿ ಸಾಂಗಲಿಯ ಸಂಸ್ಥಾನಕ್ಕೆ ಹೋಗಿ ಆಟ ಕಟ್ಟಿತು. ಕಂಡು ಮೆಚ್ಚಿದ ಚಿಂತಾಮಣರಾವ ಪಟವರ್ಧನ ಮಹಾರಾಜರು, ಇಂತಹದೇ ಆಟವು ಮರಾಠಿಯಲ್ಲಿಯೂ ಏಕಾಗಬಾರದೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ವು ರಂಗಕ್ಕೆ ಬಂದಿತು; ಮರಾಠಿ ರಂಗಭೂಮಿಯು ತನ್ನ ಹುಟ್ಟುಹಬ್ಬವನ್ನು ಅಂದಿನಿಂದ ಎಣಿಸುತ್ತದೆ. ಮುಂದೆ 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ಪುಣೆಯಲ್ಲಿ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ. ಕನ್ನಡ ಸೀಮೆಯಿಂದ ಹೋದ ಬೀಜವು ಅಲ್ಲಿ ಮರವಾಗಿ, ಅದರ ಹಣ್ಣನ್ನು ಮಾರುವುದಕ್ಕೆ ಮತ್ತೆ ಕನ್ನಡ ಸೀಮೆಗೇ ಬಂದಿತು. ವಿಜಾಪುರ, ಬೆಳಗಾವಿ, ಧಾರವಾಡಗಳಲ್ಲಿ ಮರಾಠಿ ಮಂಡಳಿಗಳ ಮುಂದೆ ಜನ ಮುಗಿಬೀಳುವುದನ್ನು ಕಂಡು ನೊಂದ ಶಿಕ್ಷಕರೊಬ್ಬರು, ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಕೊಣ್ಣೂರ ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ, ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಆಮೇಲೆ ಏಣಗಿ ಬಾಳಪ್ಪನವರ ಕಲಾವೈಭವ, ಇವೆಲ್ಲವೂ ಆ ಕಿಚ್ಚಿನಿಂದ ಹೊತ್ತಿಕೊಂಡ ದೀಪಗಳು. ಇಂದಿನ ಜಾತ್ರೆಯ ಹಂದರವು ಆ ಕಂಪನಿಗಳ ಬಡ ಮೊಮ್ಮಗ.

ಅಗರಖೇಡದ ರಂಗಾಚಾರ್ಯರು ಇದನ್ನೆಲ್ಲ ಕಂಡೇ ಬೆಳೆದವರು. ಪುಣೆಯಲ್ಲಿ ಓದಿ, 1920ರ ದಶಕದಲ್ಲಿ ಹೆಚ್ಚಿನ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋದರು. ಓದಿದ್ದು ಸಂಸ್ಕೃತ, ಮರುಳಾದದ್ದು ನಾಟಕಕ್ಕೆ. ಆ ಹೊತ್ತಿಗೆ ಯೂರೋಪಿನ ರಂಗಭೂಮಿಯು ಒಂದು ದೊಡ್ಡ ಬಾಗಿಲನ್ನು ದಾಟಿ ಬಹುಕಾಲವಾಗಿತ್ತು. ಬಾಗಿಲೆಂಬುದು ಬರಿಯ ಮಾತಲ್ಲ. ನಾರ್ವೆಯ ಇಬ್ಸನ್ನನು 1879ರಲ್ಲಿ ಬರೆದ ನಾಟಕದ ಕೊನೆಗೆ ನೋರಾ ಎಂಬ ಗೃಹಿಣಿಯು ಗಂಡನನ್ನೂ ಮಕ್ಕಳನ್ನೂ ಬಿಟ್ಟು, ಮನೆಯ ಬಾಗಿಲನ್ನು ಹಾಕಿಕೊಂಡು ಹೊರಟುಹೋಗುತ್ತಾಳೆ. ಅದುವರೆಗೆ ನಾಟಕದಲ್ಲಿ ಬಾಗಿಲುಗಳಿದ್ದುವು ರಾಜರು ಪ್ರವೇಶಿಸುವುದಕ್ಕೆ. ಇಲ್ಲಿ ಒಬ್ಬ ಸಾಮಾನ್ಯ ಹೆಂಗಸು ಹೊರಬೀಳುವುದಕ್ಕೆ ಬಾಗಿಲು ಬೇಕಾಯಿತು. ರಂಗದ ಮೇಲೆ ಅರಮನೆಯ ಬದಲು ನಡುಮನೆ ಬಂದಿತು. ಪದ್ಯ ಹೋಗಿ ಮನೆಮಾತು ಬಂದಿತು. ಪ್ರೇಕ್ಷಕನು ನಾಲ್ಕನೆಯ ಗೋಡೆಯನ್ನು ತೆಗೆದು ಪಕ್ಕದ ಮನೆಯೊಳಕ್ಕೆ ಇಣಿಕಿದಂತಾಯಿತು. ಇದನ್ನೇ ವಾಸ್ತವವಾದವೆಂದರು. ರಷ್ಯದಲ್ಲಿ ಸ್ಟಾನಿಸ್ಲಾವ್‌ಸ್ಕಿಯವರು 1898ರಲ್ಲಿ ಕಟ್ಟಿದ ಮಾಸ್ಕೋ ಕಲಾರಂಗವು ಇದಕ್ಕೆ ತಕ್ಕ ನಟನೆಯನ್ನು ರೂಪಿಸಿತು: ನಟನು ಸಭೆಯ ಕಡೆಗೆ ನೋಡಿ ಕೂಗಬಾರದು, ಪಾತ್ರದ ಒಳಗಿನಿಂದ ಬದುಕಬೇಕು.

ಬೆಂಗಳೂರಿನಲ್ಲಿ ಕೈಲಾಸಂ ಅವರು 1918ರ ‘ಟೊಳ್ಳುಗಟ್ಟಿ’ಯಿಂದ ನಡುಮನೆಯನ್ನು ಕನ್ನಡ ರಂಗಕ್ಕೆ ತಂದರು. ಉತ್ತರದಲ್ಲಿ ಆ ಕೆಲಸವನ್ನು ಶ್ರೀರಂಗರು ಮಾಡಿದರು. ಆದರೆ ಇನ್ನಷ್ಟು ಸಿಟ್ಟಿನಿಂದ. ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದು, 1930ರಲ್ಲಿ ‘ಉದರ ವೈರಾಗ್ಯ’ವನ್ನು ಬರೆದರು, ಹೊಟ್ಟೆಪಾಡಿನ ವಿರಕ್ತಿಯನ್ನು ಗೇಲಿಮಾಡುವ ಆ ಹೆಸರು ಪುರಂದರದಾಸರಿಂದ ಬಂದದ್ದು. ಅನಂತರ ಬಂದ ‘ಹರಿಜನ್ವಾರ’ವು ಅಸ್ಪೃಶ್ಯತೆಯ ಪ್ರಶ್ನೆಯನ್ನು ಆಚಾರವಂತರ ನಡುಮನೆಗೇ ತಂದು ನಿಲ್ಲಿಸಿತು. ಆಚಾರ್ಯರ ಮನೆತನದಲ್ಲಿ ಹುಟ್ಟಿ, ಸಂಸ್ಕೃತ ಕಲಿಸಿ ಜೀವಿಸುವವನು ಹೀಗೆ ಬರೆದರೆ ಕರ್ಮಠರಿಗೆ ಹೇಗಾಗಿರಬೇಡ! ಹೊರಗಿನವನು ಬೈದರೆ ಬೈಗಳು. ಒಳಗಿನವನು ಆಡಿದರೆ ಸಾಕ್ಷಿ. ಶ್ರೀರಂಗರು ಸಾಕ್ಷಿ ಹೇಳುವುದಕ್ಕೆ ನಿಂತರು.

ಅವರ ಪಾತ್ರಗಳಿಗೆ ಪದಗಳಿಲ್ಲ, ಅಂದರೆ ಹಾಡುಗಳಿಲ್ಲ. ತೊಡಕು ಮೊದಲಾದದ್ದು ಇಲ್ಲಿಯೇ. ಕಂಪನಿಯ ಪ್ರೇಕ್ಷಕನು ಪೇಟಿಯ ಮೊದಲ ಸ್ವರ ಕೇಳಿದೊಡನೆ ಮೈಮರೆಯುವವನು. ಈ ಸೀಮೆಯ ಹಿರಿಯನೊಬ್ಬನು ಹೊಸ ನಾಟಕ ನೋಡಿ ಎದ್ದುಬಂದು, “ಪದಾ ಇಲ್ಲ, ಪರದೆ ಇಲ್ಲ, ನಾಕು ಮಂದಿ ಕುರ್ಚಿ ಮ್ಯಾಲ ಕುಂತು ಮಾತಾಡ್ತಾರ. ಇದನ್ನ ನೋಡಾಕ ನಮ್ಮ ಕಟ್ಟಿ ಸಾಲದೇನ್ರೀ?” ಎಂದು ಕೇಳಿದರೆ ಅದು ಅರಸಿಕತೆಯೆಂದು ತಳ್ಳಿಹಾಕುವಂತಿಲ್ಲ. ಅವನು ಕೇಳುತ್ತಿರುವುದು ಬಹಳ ಮೂಲಭೂತವಾದ ಪ್ರಶ್ನೆ: ಕಟ್ಟೆಯ ಮೇಲಿನ ಮಾತಿಗೂ ರಂಗದ ಮೇಲಿನ ಮಾತಿಗೂ ಅಂತರವೇನು?

ವಿಚಿತ್ರವೆಂದರೆ ಯೂರೋಪಿನಲ್ಲಿಯೇ ಈ ಪ್ರಶ್ನೆ ಎದ್ದಿತ್ತು. ನಡುಮನೆಯ ನಾಟಕದಿಂದ ಬೇಸತ್ತ ಹೊಸಬರು ನಾಲ್ಕನೆಯ ಗೋಡೆಯನ್ನು ಒಡೆಯಹೊರಟರು. ಇಟಲಿಯ ಪಿರಾಂಡೆಲ್ಲೊ 1921ರ ತನ್ನ ನಾಟಕದಲ್ಲಿ, ತಾಲೀಮು ನಡೆಯುತ್ತಿರುವ ರಂಗಕ್ಕೆ ಆರು ಪಾತ್ರಗಳು ತಮ್ಮ ಕರ್ತೃವನ್ನು ಹುಡುಕಿಕೊಂಡು ಬರುವಂತೆ ಮಾಡಿದನು. ಜರ್ಮನಿಯ ಬ್ರೆಕ್ಟ್‌ನು ಪ್ರೇಕ್ಷಕನು ಕಥೆಯಲ್ಲಿ ಮುಳುಗಕೂಡದು, ದೂರ ನಿಂತು ಯೋಚಿಸಬೇಕೆಂದನು. 1935ರಲ್ಲಿ ಮಾಸ್ಕೋ ನಗರದಲ್ಲಿ ಚೀನದ ನಟ ಮೇ ಲಾನ್‌ಫಾಂಗ್‌ನ ಅಭಿನಯವನ್ನು ಕಂಡು, ನಟನು ಪಾತ್ರವನ್ನು ‘ತೋರಿಸುವ’ ಈ ರೀತಿಯೇ ತನಗೆ ಬೇಕಾದದ್ದೆಂದು ಹಿಗ್ಗಿದನು. ಪಾಪ, ಬ್ರೆಕ್ಟ್‌ನಿಗೆ ಬಿಜಾಪುರ ಸೀಮೆಯ ಹಾದಿ ತಿಳಿದಿರಲಿಲ್ಲ. ಇಲ್ಲಿನ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳನ್ನು ತೊಟ್ಟು ರಂಗವನ್ನು ಗಡಗಡ ನಡುಗಿಸಿ ಬಂದ ದುರ್ಯೋಧನನನ್ನು ಸಾರಥಿಯು ತಡೆದು ನಿಲ್ಲಿಸಿ, ತಾವು ಯಾರು, ಯಾವ ಊರು, ಬಂದ ಕಾರಣವೇನೆಂದು ವಿಚಾರಿಸುತ್ತಾನೆ. ದುರ್ಯೋಧನನು ಸಿಟ್ಟಾಗದೆ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ಶ್ರೀಕೃಷ್ಣ ಪಾರಿಜಾತದಲ್ಲಿ ಗೊಲ್ಲತಿಯೂ ದೂತಿಯೂ ದೇವರನ್ನೇ ಹಾಸ್ಯಕ್ಕೆ ಹಿಡಿಯುವುದನ್ನು ಈ ಭಾಗದ ಯಾವ ಮುದುಕಿಯಾದರೂ ವರ್ಣಿಸಿಯಾಳು. ದೂರ ನಿಲ್ಲುವುದು, ಮತ್ತೆ ಕರಗುವುದು, ಮತ್ತೆ ದೂರ ನಿಲ್ಲುವುದು, ಇದು ಇಲ್ಲಿನ ಪ್ರೇಕ್ಷಕನಿಗೆ ಹುಟ್ಟಿನಿಂದ ಬಂದ ವಿದ್ಯೆ. ಗದೆ ಕೆಳಗಿಟ್ಟು ಆಯೇರಿ ಪಡೆದ ಭೀಮನನ್ನು ಮತ್ತೆ ಭೀಮನೆಂದೇ ನಂಬಬಲ್ಲವನಿಗೆ ಯಾವ ಜರ್ಮನ್ ಪಂಡಿತನು ಏನನ್ನು ಹೊಸದಾಗಿ ಕಲಿಸಬೇಕು?

ಶ್ರೀರಂಗರ ಹಿರಿಮೆಯೆಂದರೆ, ತಾವೇ ತಂದ ನಡುಮನೆಯ ನಾಟಕಕ್ಕೆ ತಾವೇ ಕಟ್ಟುಬೀಳಲಿಲ್ಲ. ಐವತ್ತು ದಾಟಿದ ಮೇಲೆ, ಸ್ವಾತಂತ್ರ್ಯ ಬಂದು ಕನಸುಗಳು ಮಾಸತೊಡಗಿದ ಕಾಲದಲ್ಲಿ, ಅವರು ದಾರಿ ಬದಲಿಸಿದರು. ‘ಶೋಕಚಕ್ರ’, ‘ಕತ್ತಲೆ ಬೆಳಕು’, 1960ರ ‘ಕೇಳು ಜನಮೇಜಯ’ ಈ ತಿರುವಿನ ಗುರುತುಗಳು. ವೈಶಂಪಾಯನನಿಂದ ಭಾರತವನ್ನು ಕೇಳಿದ ಅರಸನು ಜನಮೇಜಯ. ಇಲ್ಲಿ ಕೇಳಬೇಕಾದವನು ಹೊಸ ಭಾರತದ ಪ್ರಜೆ. ಸಂಸ್ಕೃತ ನಾಟಕದ ಸೂತ್ರಧಾರನು ಹೊಸ ವೇಷದಿಂದ ಹಿಂದಿರುಗಿದನು. ಆ ನಾಟಕವು ಹಿಂದಿಗೆ ಅನುವಾದವಾಗಿ ಉತ್ತರದ ರಂಗವನ್ನೂ ಕಂಡಿತು. ಇದೇ ಕಾಲಕ್ಕೆ ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸವನ್ನೂ ಅವರು ಕೈಗೊಂಡರು. 1967ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1971ರಲ್ಲಿ ‘ಕಾಳಿದಾಸ’ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ಮರುವರ್ಷ ಪದ್ಮಭೂಷಣ ಬಂದುವು. 1984ರಲ್ಲಿ ತೀರಿಕೊಂಡರು. ಇಂತಹ ಮಾನಗಳಿಂದ ಪುಸ್ತಕದ ಹೊದಿಕೆಗೆ ಶೋಭೆ. ಪ್ರೇಕ್ಷಕರು ಬರುತ್ತಾರೆಂದು ಹೇಳಲಾಗದು.

ನಾಟ್ಯಶಾಸ್ತ್ರದ ಮಾತು ಬಂದಾಗ ತೊರವಿಯಲ್ಲಿ ಒಂದು ಗಳಿಗೆ ನಿಲ್ಲದೆ ಹೋಗುವುದು ಸರಿಯಲ್ಲ. ಕುಮಾರವಾಲ್ಮೀಕಿಯು ತೊರವೆಯ ರಾಮಾಯಣವನ್ನು ನರಸಿಂಹನಿಗೆ ಅರ್ಪಿಸಿದ ಊರು ಇದು. ಇದರ ಮಗ್ಗುಲಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ಹೊಸ ನಗರವೊಂದನ್ನು ಕಟ್ಟತೊಡಗಿ ಅದಕ್ಕೆ ನವರಸಪುರವೆಂದು ಹೆಸರಿಟ್ಟನು. ಹಾಡುಗಳನ್ನು ಕಟ್ಟಿ ‘ಕಿತಾಬ್-ಎ-ನವರಸ್’ ಎಂದು ಕರೆದ ಸುಲ್ತಾನನವನು. ಸರಸ್ವತಿಯನ್ನೂ ಬಂದೇ ನವಾಜರನ್ನೂ ಒಂದೇ ಗ್ರಂಥದಲ್ಲಿ ನೆನೆದವನು. ಭರತನು ಹೇಳಿದ ಎಂಟು ರಸಗಳಿಗೆ ಮುಂದಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಆ ಒಂಬತ್ತರ ಹೆಸರಿನಲ್ಲಿ ಊರನ್ನೇ ಕಟ್ಟಿದ ಅರಸನು ಜಗತ್ತಿನಲ್ಲಿ ಬೇರೆ ಇದ್ದಂತಿಲ್ಲ. 1624ರಲ್ಲಿ ಮಲಿಕ್ ಅಂಬರನ ದಂಡು ಆ ಊರನ್ನು ಹಾಳುಗೆಡವಿತು. ಸಂಗೀತ ಮಹಲೆಂದು ಕರೆಯುವ ಕಮಾನಿನ ಅವಶೇಷವು ಮಾತ್ರ ಇಂದಿಗೂ ಆಕಾಶಕ್ಕೆ ಬಾಯಿ ತೆರೆದು ನಿಂತಿದೆ. ಜಿಲ್ಲೆಯ ಉತ್ಸವಕ್ಕೆ ಈ ನವರಸಪುರದ ಹೆಸರನ್ನೇ ಇಟ್ಟಿದ್ದಾರೆ.

ಹೊಸ ನಾಟಕದ ಮುಂದಿನ ಕಥೆ ವಾಚಕರಿಗೆ ಹೆಚ್ಚು ಪರಿಚಿತವಾದುದು. ಬೇಗ ಹೇಳಿ ಮುಗಿಸಬಹುದು. ಕಾರ್ನಾಡರ ‘ಯಯಾತಿ’ 1961ರಲ್ಲಿ, ‘ತುಘಲಕ್’ 1964ರಲ್ಲಿ ಬಂದುವು. 1971ರಲ್ಲಿ ಲಂಕೇಶರ ‘ಸಂಕ್ರಾಂತಿ’. 1972ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನಲ್ಲಿ ಬಯಲಿನಲ್ಲೇ ರಂಗ ಕಟ್ಟಿ ‘ಈಡಿಪಸ್’, ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’ಗಳನ್ನು ಆಡಿಸಿದರು, ಹಾಡು, ಕುಣಿತ, ಮೇಳಗಳೆಲ್ಲ ಹೊಸ ನಾಟಕಕ್ಕೆ ಮರಳಿ ಬಂದುವು. ಉತ್ತರ ಕರ್ನಾಟಕದ ಬಯಲಾಟವು ಹೀಗೆ ರಾಜಧಾನಿಯಲ್ಲಿ ಮರುಹುಟ್ಟು ಪಡೆಯಿತು. 1975ರಲ್ಲಿ ಹುಟ್ಟಿದ ‘ಸಮುದಾಯ’ವು 1979ರ ಜಾಥಾದಲ್ಲಿ ನಾಡನ್ನು ಸುತ್ತಿತು, ಬಿಹಾರದ ದಲಿತರ ಹತ್ಯೆಯನ್ನು ಕುರಿತ ‘ಬೆಲ್ಚಿ’ಯಂತಹ ಬೀದಿ ನಾಟಕಗಳು ಪರದೆಯನ್ನಷ್ಟೇ ಅಲ್ಲ, ಹಂದರವನ್ನೂ ಬೇಡವೆಂದುವು. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ವನ್ನು ಆರಂಭಿಸಿತು; 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ತೆರೆಯಿತು. ಪ್ಯಾರಿಸಿನಲ್ಲಿ 1953ರಲ್ಲಿ ಬೆಕೆಟ್ಟನು ಇಬ್ಬರು ಅಲೆಮಾರಿಗಳನ್ನು ಎಂದೂ ಬಾರದವನಿಗಾಗಿ ಕಾಯಿಸಿದ ಅಸಂಗತ ನಾಟಕದ ಗಾಳಿಯೂ ಈ ನಡುವೆ ಕನ್ನಡದಲ್ಲಿ ಬೀಸಿ ಹೋಯಿತು. ಬಸ್ಸು ಕಾಯುವುದರಲ್ಲಿ ಅರ್ಧ ಆಯುಷ್ಯ ಕಳೆಯುವ ಈ ಭಾಗದ ಜನರಿಗೆ ಅದರ ತತ್ವವು ಅಷ್ಟೇನೂ ಅಪರಿಚಿತವಾಗಿ ತೋರಬಾರದು.

ಗಮನಿಸಬೇಕಾದ ಸಂಗತಿಯೆಂದರೆ, ಈ ಹೊಸ ನಾಟಕಕಾರರು ಕಥೆಗಾಗಿ ಮೇಲಿಂದ ಮೇಲೆ ಈ ಸೀಮೆಗೇ ಬಂದರು. ‘ಸಂಕ್ರಾಂತಿ’ಯೂ 1990ರ ಕಾರ್ನಾಡರ ‘ತಲೆದಂಡ’ವೂ ಬಸವಣ್ಣನವರನ್ನು ಕುರಿತವು, ಅವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ಕಾರ್ನಾಡರು 2018ರಲ್ಲಿ ಬರೆದ ‘ರಾಕ್ಷಸ ತಂಗಡಿ’ಯು 1565ರ ಯುದ್ಧವನ್ನು ಕುರಿತದ್ದು, ವಿಜಯನಗರವನ್ನು ಮುರಿದ ದಂಡುಗಳಲ್ಲಿ ಒಂದು ಹೊರಟದ್ದು ಇದೇ ವಿಜಾಪುರದ ಕೋಟೆಯಿಂದ. ಕಥೆ ಇಲ್ಲಿಂದ ಹೋಯಿತು. ನಾಟಕ ಇಲ್ಲಿಗೆ ಅಪರೂಪಕ್ಕೆ ಬಂದಿತು. ಬಂದಾಗ ಕಂದಗಲ್ಲರ ಹೆಸರಿನ ಮಂದಿರದಲ್ಲಿ ಎರಡು ತಾಸು ಆಡಿ, ಶಿಕ್ಷಕರು, ನೌಕರರು, ಕಾಲೇಜಿನ ಹುಡುಗರು ನೋಡಿ, ಮೆಚ್ಚಿ ಮನೆಗೆ ಹೋದರು. ಇಪ್ಪತ್ತು ಕಿಲೋಮೀಟರಿನಾಚೆಯ ತಿಕೋಟಾದವನಿಗೆ ಆ ಹೊತ್ತಿನಲ್ಲಿ ಹಿಂದಿರುಗುವ ವಾಹನವಿರಲಿಲ್ಲ.

ಹಾಗಾದರೆ ಹೊಸ ನಾಟಕವು ಜಾತ್ರೆಯ ಹಂದರವನ್ನು ಮುಟ್ಟಲೇ ಇಲ್ಲವೆ? ಮುಟ್ಟಿದೆ, ಆದರೆ ಮುಂಬಾಗಿಲಿನಿಂದಲ್ಲ. ಇಂದು ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಪೌರಾಣಿಕಕ್ಕಿಂತ ಹೆಚ್ಚಾಗಿ ಆಡುವುದು ‘ಸಾಮಾಜಿಕ’ ನಾಟಕಗಳನ್ನು. ವರದಕ್ಷಿಣೆ, ಕುಡಿತ, ಸಾಹುಕಾರನ ಬಡ್ಡಿ, ಅಣ್ಣತಮ್ಮಂದಿರ ಹೊಲದ ವ್ಯಾಜ್ಯ, ಜಾತಿ ಮೀರಿದ ಪ್ರೇಮ, ಇವೇ ವಸ್ತುಗಳು. ಹುನಗುಂದ ಸೀಮೆಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಇಂತಹವುಗಳ ಹಿರಿಯಣ್ಣ. 1974ರಲ್ಲಿ ಅದು ಚಲನಚಿತ್ರವಾಗಿ, ರಾಜಕುಮಾರರು ನಾಯಕರಾಗಿ, ಇಡೀ ನಾಡು ಅದನ್ನು ಕಂಡಿತು. ಶ್ರೀರಂಗರು ಕೇಳಿದ ಪ್ರಶ್ನೆಗಳೇ ಇವು. ಅವರು ಅವನ್ನು ಚೂರಿಯಂತೆ ಹಿಡಿದರು; ಇಲ್ಲಿ ಅವಕ್ಕೆ ಹಾಡು, ಕಣ್ಣೀರು, ಹಾಸ್ಯಗಾರನ ದ್ವಂದ್ವಾರ್ಥಗಳನ್ನು ಸುತ್ತಿ, ಕೊನೆಗೆ ಖಳನು ಕಾಲಿಗೆ ಬೀಳುವಂತೆ ಮಾಡುತ್ತಾರೆ. ದ್ವಂದ್ವಾರ್ಥಗಳ ಮಾತು ಬಂದರೆ ಸಂಸಾರಸ್ಥರು ತಲೆ ತಗ್ಗಿಸಬೇಕಾದ ಸಂದರ್ಭಗಳಿವೆಯೆಂಬುದನ್ನು ಒಪ್ಪಲೇಬೇಕು. ಈಚೆಗೆ ಅವು ಹೆಚ್ಚೂ ಆಗಿವೆ. ಆದರೂ ಜಾತಿ ಮೀರಿದ ಮದುವೆಯ ಪ್ರಸಂಗವನ್ನು ಎಲ್ಲ ಓಣಿಯವರೂ ಒಂದೇ ಬಯಲಿನಲ್ಲಿ ಕುಳಿತು ನೋಡುವುದು, ಅದೇ ಮಾತನ್ನು ನಗರದ ಮಂದಿರದಲ್ಲಿ ಮೊದಲೇ ಒಪ್ಪಿಕೊಂಡ ಇನ್ನೂರು ಜನ ನೋಡುವುದಕ್ಕಿಂತ ಸಣ್ಣ ಸಂಗತಿಯಲ್ಲ.

ನೋರಾ ಬಾಗಿಲು ತೆರೆದು ಹೊರಟ ಪ್ರಸಂಗವನ್ನು ಹಂದರದವರು ಆಡುವುದಿಲ್ಲ. ಆದರೆ ಬಾಗಿಲು ದಾಟಿ ಬಂದ ಹೆಂಗಸರಿಲ್ಲದೆ ಅವರ ನಾಟಕವೂ ನಡೆಯುವುದಿಲ್ಲ. ಮೊದಲು ಹೇಳಿದ ಹಸ್ತಪತ್ರದ ಪರಊರಿನ ಹೆಂಗಸರೆಂದರೆ ಇವರೇ. ಬಾಗಲಕೋಟೆ, ಗುಳೇದಗುಡ್ಡ, ಇಳಕಲ್ಲು, ಗದಗುಗಳಿಂದ ಬರುವ ವೃತ್ತಿನಟಿಯರು. ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಇವರಿಗೆ ಉಳಿದದ್ದು ಜಾತ್ರೆಯ ನಾಲ್ಕು ತಿಂಗಳ ಹಂಗಾಮು. ಹತ್ತಾರು ನಾಟಕಗಳ ಪಾತ್ರ ಬಾಯಿಪಾಠ. ಸಂಜೆಗೆ ಬಸ್ಸಿಳಿದು, ಹೆಸರೂ ತಿಳಿಯದ ನಾಯಕನೊಂದಿಗೆ ಒಂದು ಸಲ ಮಾತು ಹೊಂದಿಸಿಕೊಂಡು, ರಾತ್ರಿ ಅವನ ಹೆಂಡತಿಯಾಗಿ ಅತ್ತು, ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಾರೆ. ಮರುದಿನ ಮತ್ತೊಂದು ಊರು, ಮತ್ತೊಬ್ಬ ಗಂಡ. ಎರಡು ತಿಂಗಳು ತಾಲೀಮು ಮಾಡಿದ ಊರ ಗಂಡಸು ಮಾತು ತಪ್ಪಿದಾಗ, ಸಭೆಗೆ ತಿಳಿಯದಂತೆ ಅವನ ಮಾತನ್ನೂ ತಾನೇ ಆಡಿ ದೃಶ್ಯವನ್ನು ದಡ ಮುಟ್ಟಿಸುವವಳು ಇವಳೇ. ಸಭೆಯ ಮೊದಲ ಸಾಲಿನಲ್ಲಿ ಕೂಡುವ ಗೌರವಸ್ಥರಲ್ಲಿ ಎಷ್ಟು ಮಂದಿ ಅವಳನ್ನು ಮನೆಗೆ ಕರೆದು ಊಟಕ್ಕೆ ಬಡಿಸಿಯಾರು ಎಂಬುದು ಬೇರೆ ಮಾತು.

ಈ ನೆಲದ ನಟಿಯರು ಸಾಮಾನ್ಯರಾಗಿರಲಿಲ್ಲ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಿಂದ ಇಬ್ಬರು ಅಕ್ಕತಂಗಿಯರು ರಂಗಕ್ಕೆ ಹೊರಟರು. ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದಳು. ಗೋಹರಬಾಯಿಯು ಬಾಲಗಂಧರ್ವರ ಮಂಡಳಿಯನ್ನು ಸೇರಿದಳು. ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನೇ ಮರುಳುಗೊಳಿಸಿದ್ದ ಬಾಲಗಂಧರ್ವರ ರಂಗದಲ್ಲಿ ನಿಜವಾದ ಹೆಣ್ಣೊಬ್ಬಳು ಸ್ತ್ರೀಪಾತ್ರಕ್ಕೆ ನಿಂತಳು. ಮುಂದೆ ಅವರಿಬ್ಬರೂ ಮದುವೆಯಾದರು. ಅವಳ ಮತವನ್ನೂ ವೃತ್ತಿಯನ್ನೂ ಎತ್ತಿ ಆಡಿಕೊಂಡವರು ಆಗಲೂ ಇದ್ದರು, ಬಹುಕಾಲದ ಅನಂತರವೂ ಇದ್ದರು. ಬೆಳಗಾವಿ ಜಿಲ್ಲೆಯ ಕೌಜಲಗಿ ನಿಂಗಮ್ಮ ಪಾರಿಜಾತದ ರಂಗವನ್ನೇರಿದಾಗಲೂ ಮಾತು ಬೇರೆಯಾಗಿರಲಿಲ್ಲ. ಆಧುನಿಕ ನಾಟಕದ ಚರಿತ್ರೆಗಳು ಬಾಗಿಲು ಹಾಕಿಕೊಂಡು ಹೋದ ನೋರಾಳಿಗೆ ಅಧ್ಯಾಯಗಳನ್ನು ಕೊಟ್ಟಿವೆ. ಬಸ್ಸು ಹಿಡಿದು ತಿಕೋಟಾಕ್ಕೆ ಬರುವವಳಿಗೆ ಒಂದ ಪುಟವೂ ಸಿಕ್ಕಿದ್ದು ಕಡಿಮೆ. ಸರಕಾರವು ವೃದ್ಧ ಕಲಾವಿದರಿಗೆ ಕೊಡುವ ಮಾಸಾಶನವಿದೆ, ನಿಜ. ಅದನ್ನು ಪಡೆಯುವುದಕ್ಕೆ ಕಲಾವಿದೆಯೆಂಬುದಕ್ಕೆ ದಾಖಲೆ ಬೇಕು. ಜಾತ್ರೆಯ ಹಸ್ತಪತ್ರಗಳನ್ನು ಜೋಪಾನವಾಗಿ ಮಡಿಸಿ ಟ್ರಂಕಿನಲ್ಲಿಟ್ಟವಳು ಜಾಣೆ.

ಹೊಸ ನಾಟಕದವರಿಗೆ ಹಂದರದಿಂದ ಕಲಿಯುವುದಿದೆ, ಹಂದರದವರಿಗೆ ಹೊಸ ನಾಟಕದಿಂದ ಕಲಿಯುವುದಿದೆ ಎಂದು ಸಭೆಗಳಲ್ಲಿ ಹೇಳುವುದು ಸುಲಭ. ಕಷ್ಟವಿರುವುದು ಖರ್ಚಿನಲ್ಲಿ. ಹಂದರದ ನಾಟಕವನ್ನು ಊರವರು ತಾವೇ ಪಟ್ಟಿ ಹಾಕಿ ಆಡುತ್ತಾರೆ. ಸೀನರಿಯ ಬಾಡಿಗೆ, ನಟಿಯರ ಸಂಭಾವನೆ, ಪೇಟಿ ಮಾಸ್ತರರ ಕಾಣಿಕೆ, ಮೈಕು, ದೀಪ, ಊಟ ಇವೆಲ್ಲ ಪಾತ್ರ ವಹಿಸಿದವರ ಕಿಸೆಯಿಂದಲೇ, ನಷ್ಟವಾದರೆ ಅವರದೇ. ದ್ರಾಕ್ಷಿಯ ದರ ಬಿದ್ದ ವರ್ಷ ದುರ್ಯೋಧನನ ಪಾತ್ರಕ್ಕೆ ಆಳು ಸಿಗುವುದು ಕಷ್ಟ. ಹೊಸ ನಾಟಕಕ್ಕೆ ಅಕಾಡೆಮಿ ಇದೆ, ಅನುದಾನವಿದೆ, ಅನುದಾನ ತಡವಾಯಿತೆಂಬ ಗೋಳೂ ಇದೆ. ಸ್ವಂತ ಹಣ ಹಾಕಿ ನಷ್ಟಕ್ಕೆ ಸಿದ್ಧನಾಗಿ ಶ್ರೀರಂಗರ ನಾಟಕವನ್ನು ತನ್ನೂರ ಜಾತ್ರೆಯಲ್ಲಿ ಆಡಿಸುವ ಹುಡುಗನೊಬ್ಬನು ಬಬಲೇಶ್ವರದ ಕಡೆ ಹೊರಟನೆಂದರೆ, ಅವನು ‘ಕೇಳು ಜನಮೇಜಯ’ದ ಸೂತ್ರಧಾರನಿಗೆ ಪೇಟಿ ಮಾಸ್ತರರಿಂದ ಎರಡು ಪದ ಹಾಕಿಸಿಯೇ ತೀರುತ್ತಾನೆ. ಪಂಡಿತರು ಕೋಪಿಸಿಕೊಂಡಾರು, ನಾಟ್ಯಶಾಸ್ತ್ರವನ್ನು ಕನ್ನಡಿಸಿದ ರಂಗಾಚಾರ್ಯರು ಕೋಪಿಸಿಕೊಳ್ಳುತ್ತಿದ್ದರೆಂದು ತೋರುವುದಿಲ್ಲ. ಗೀತ, ವಾದ್ಯಗಳಿಲ್ಲದ ನಾಟ್ಯವನ್ನು ಭರತಮುನಿಯೂ ಊಹಿಸಿರಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ‘ರಕ್ತರಾತ್ರಿ’ ಮುಗಿಯುತ್ತದೆ. ಮಂಗಳಾರತಿಯ ತಟ್ಟೆ ತಿರುಗುತ್ತದೆ. ಕೌದಿಯಲ್ಲಿ ಮಲಗಿಬಿಟ್ಟ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಜನ ಚದುರುತ್ತಾರೆ. ಸೀನರಿಯವರು ಕಾಡಿನ ಪರದೆಯನ್ನು ಅರಮನೆಯ ಪರದೆಯೊಳಗೆ ಸುತ್ತಿ ಟೆಂಪೋದ ಮೇಲೆ ಎಸೆಯುತ್ತಾರೆ. ಭೀಮನು ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆಯಿಂದ ಒರೆಸಿಕೊಳ್ಳುತ್ತ, ಬಿಸಿಲೇರುವುದರೊಳಗೆ ಪಡಕ್ಕೆ ಔಷಧಿ ಹೊಡೆಯಬೇಕೆಂದು ತಮ್ಮನನ್ನು ಎಬ್ಬಿಸುತ್ತಾನೆ. ದ್ರೌಪದಿಯು ಸಂಭಾವನೆಯ ನೋಟುಗಳನ್ನು ಎರಡು ಸಲ ಎಣಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಕೇಳುತ್ತಾಳೆ: “ಯಣ್ಣಾ, ಬಾಗಲಕೋಟಿ ಬಸ್ಸು ಎಷ್ಟಕ್ಕ ಐತಿ?”